ಅಡಿಕೆ ಕೊನೆ ಕೊಯ್ಲು ಮತ್ತು ಮಕ್ಕಳ ಓದು

(ಹೊಸನಗರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಪೋಷಕರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಅದರಲ್ಲೂ ಅಮ್ಮಂದಿರೇ ಜಾಸ್ತಿ ಇದ್ದೀರಿ. ತುಂಬಾ ಸಂತೋಷ.

"ನಂಗೆ ಓದು ಬರಲ್ಲ ಮೇಷ್ಟ್ರೇ, ಮಗೂಗೆ ನಾನೇನು ಹೇಳಿಕೊಡ್ಲಿ?" ಪಾಠ ಮಾಡಿದಷ್ಟು ಕಾಲವೂ ಈ ಮಾತನ್ನು ನಾನು ಕೇಳಿದ್ದೇನೆ. ಹೇಳಿಕೊಡುವುದು ನಮ್ಮ ಕೆಲಸ ಅಮ್ಮಾ. ನೀವು ಮಗುವಿಗೆ ಕೂತು ಓದುವಷ್ಟು ಹೊತ್ತು ಕೊಡಿ. ದಿನಾ ಶಾಲೆ ಮುಟ್ಟುವ ದಾರಿ ಮಾಡಿಕೊಡಿ. ಮಲೆನಾಡಿನಲ್ಲಿ ಇವೆರಡೂ ಒಂದೇ ಮನೆಯವರಿಂದ ಆಗುವುದಿಲ್ಲ, ಊರೇ ಕೈ ಹಾಕಬೇಕು.

ಹೊತ್ತಿನ ವಿಷಯ ನಿಮಗೇ ಗೊತ್ತು. ದೀಪಾವಳಿ ಆಸುಪಾಸಿನಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾದರೆ ಸಂಕ್ರಾಂತಿವರೆಗೂ ಉಸಿರಾಡಲು ಬಿಡುವಿಲ್ಲ. ಕೊಯ್ದ ಅಡಿಕೆಯನ್ನು ಸುಮ್ನೆ ಇಡುವಂತಿಲ್ಲ, ಸುಲಿದು ಬೇಯಿಸಲೇಬೇಕು. ರಾತ್ರಿಯವರೆಗೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರುತ್ತೀರಿ. ಕೂಲಿ ಡಬ್ಬದ ಲೆಕ್ಕ, ಸುಲಿದ ಅಡಿಕೆ ಎಷ್ಟು ಡಬ್ಬ ತುಂಬಿತೋ ಅಷ್ಟು ದುಡ್ಡು. ಇನ್ನೊಂದು ಡಬ್ಬ ಆದೀತು ಅಂತ ಮಗಳೂ ಅಮ್ಮನ ಪಕ್ಕ ಕೂರುತ್ತಾಳೆ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾಳೆ. ಪೆನ್ನು ಹಿಡಿದ ಬೆರಳು ಅಡಿಕೆ ಕಲೆಯಿಂದ ಕಪ್ಪಾಗಿರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗಂತೂ ಪಾಠ ಮುಗಿದು ಓದು ಗಟ್ಟಿಯಾಗಬೇಕಾದ ಕಾಲವೇ ಇದು.

ಇದಕ್ಕೆ ಕೂಲಿಗೆ ಬರುವ ತಾಯಿಯನ್ನು ದೂರಿದರೆ ಅನ್ಯಾಯ. ಆ ದುಡ್ಡಿನಲ್ಲೇ ಮನೆ ನಡೆಯಬೇಕು. ನಾನು ಕೇಳುವುದು ತೋಟದ ಯಜಮಾನರನ್ನು. ಸುಲಿಯುವ ಸಾಲಿಗೆ ಮಕ್ಕಳನ್ನು ಕೂರಿಸುವುದಿಲ್ಲ ಅಂತ ನೀವು ಮೊದಲು ಹೇಳಿ. ನಿಮ್ಮ ಜಗಲಿಯಲ್ಲೇ ಒಂದು ಚಾಪೆ ಹಾಸಿ, ಒಂದು ಬಲ್ಬು ಹಾಕಿ. ಅಮ್ಮ ಅಂಗಳದಲ್ಲಿ ಸುಲಿಯಲಿ, ಮಕ್ಕಳು ಅವಳ ಕಣ್ಣೆದುರೇ ಓದಲಿ. ಕಾಲೇಜಿಗೆ ಹೋಗುವ ಅಣ್ಣ ಅಕ್ಕಂದಿರು ಊರಲ್ಲಿ ಇದ್ದಾರಲ್ಲ, ಅವರು ಬಂದು ಲೆಕ್ಕ ಹೇಳಿಕೊಡಲಿ. ಇದೇನು ಆಗದ ಮಾತಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಮೇಷ್ಟ್ರುಗಳೇ ಊರೂರಿಗೆ ಹೋಗಿ ದೇವಸ್ಥಾನ, ಜಗಲಿ, ಮರದಡಿ ಅಂತ ಪಾಠ ಮಾಡಿದರು. ಆಗ ಜಾಗ ಬಿಟ್ಟುಕೊಟ್ಟಿದ್ದು ನಿಮ್ಮಂಥ ಊರಿನವರೇ ಅಲ್ವಾ?

ಇನ್ನು ದಾರಿ. ಆಷಾಢದ ಜಡಿಮಳೆಯಲ್ಲಿ ಹಳ್ಳ ತುಂಬಿದರೆ ಕಾಲುಸಂಕ, ಅಂದರೆ ಮರ ಹಾಸಿದ ಕಿರುಸೇತುವೆ, ದಾಟುವ ಮಗುವಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಸರದಿ ಮಾಡಿಕೊಳ್ಳಿ. ಸಂಕದ ಮರ ಕೊಳೆತಿದೆಯಾ ಅಂತ ಮಳೆ ಹಿಡಿಯುವ ಮುಂಚೆಯೇ ನೋಡಿ. ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತದೆ. ಅಲ್ಲಿ ಮಕ್ಕಳು ಎದ್ದು ನಿಂತು "ನಮಗೆ ಸಂಕ ಬೇಕು" ಅಂದಾಗ ಅಪ್ಪ ಅಮ್ಮ ಹಿಂದೆ ನಿಂತಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ಇದನ್ನೆಲ್ಲ ಎಲ್ಲಿ ಕೂತು ಮಾತಾಡುವುದು? ಅದಕ್ಕೇ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇರುವುದು. ನಮ್ಮ ರಾಜ್ಯದಲ್ಲಿ 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಗಟ್ಟಿಯಾಗಿ ಹೇಳಿತು: ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆಗೆ ಏನೇನು ಬೇಕು ಅಂತ ಯೋಜನೆ ಮಾಡುವುದೂ, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡುವುದೂ ಸಮಿತಿಯ ಕೆಲಸ. ಆದರೆ ಎಷ್ಟೋ ಕಡೆ ಸಭೆಯ ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ತಾಯಿ ಸೈನ್ ಹಾಕುತ್ತಾಳೆ, ಅಲ್ಲಿಗೆ ಸಭೆ ಮುಗಿಯಿತು. ನನಗೆ ಇದು ತುಂಬಾ ಬೇಜಾರಿನ ಸಂಗತಿ. ಬಿಸಿಯೂಟದ ಬೇಳೆ ಹೇಗಿದೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯಾ ಅಂತ ಕೇಳಲು ಯಾವ ಡಿಗ್ರಿಯೂ ಬೇಡ.

ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಸಭೆಯನ್ನು ಬೆಳಿಗ್ಗೆ 11 ಗಂಟೆಗೆ ಇಡಬೇಡಿ. ಕೂಲಿಗೆ ಹೋಗುವ ತಾಯಿ ಆ ಹೊತ್ತಿಗೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಸಂಜೆ ಇಡಿ, ಇಲ್ಲವೇ ಊರಿನ ಕೆಲಸದ ರಜೆ ದಿನ ಇಡಿ. ಕೊಯ್ಲು ಶುರುವಾಗಲು ಇನ್ನೂ ಸಮಯವಿದೆ. ಯಾವ ವಾರ ಯಾರ ಮನೆಯಲ್ಲಿ ಸುಲಿಯುವುದು, ಯಾರ ಜಗಲಿಯಲ್ಲಿ ಮಕ್ಕಳು ಕೂರುವುದು, ಕತ್ತಲಾದ ಮೇಲೆ ಅವರನ್ನು ಮನೆ ಮುಟ್ಟಿಸುವವರು ಯಾರು, ಇಷ್ಟನ್ನು ಇವತ್ತೇ ಇಲ್ಲೇ ಕೂತು ಬರೆದುಕೊಂಡು ಹೋಗೋಣ. ಪುಸ್ತಕ ಪೆನ್ನು ನಾನು ತಂದಿದ್ದೇನೆ.