ಘಟ್ಟ ಇಳಿಯೋ ಕ್ಯಾಂಪರ್‌ಗೆ ಬ್ರೇಕ್ ಕಂಟ್ರೋಲರ್: ಆರಿಸಿದ್ದು, ಕೂರಿಸಿದ್ದು

ನಮಸ್ಕಾರ. ಕ್ಯಾಂಪರ್ ಟ್ರೇಲರ್ ಮನೆ ಅಂಗಳಕ್ಕೆ ಬಂದಾಗಿನಿಂದ ಎಲ್ಲರೂ ಕೇಳೋದು ಒಳಗಿನ ಸುದ್ದಿನೇ. ಹಾಸಿಗೆ ಎಷ್ಟು ಅಗಲ, ಒಲೆ ಎಲ್ಲಿ, ನೀರಿನ ಟ್ಯಾಂಕ್ ಎಷ್ಟು ದೊಡ್ಡದು. ಅದನ್ನೆಲ್ಲ ಇನ್ನೊಂದು ವಿಡಿಯೋದಲ್ಲಿ ತೋರಿಸ್ತೇನೆ. ಇವತ್ತು ಅಂಗೈಯಲ್ಲಿ ಹಿಡಿಸೋ ಈ ಪೆಟ್ಟಿಗೆ ನೋಡಿ. ಟ್ರೇಲರ್ ಬ್ರೇಕ್ ಕಂಟ್ರೋಲರ್ ಅಂದ್ರೆ ಇದೇ, ಟ್ರೇಲರ್ ಚಕ್ರದ ಬ್ರೇಕ್ ಯಾವಾಗ, ಎಷ್ಟು ಹಿಡಿಯಬೇಕು ಅಂತ ಕಾರಿನೊಳಗಿಂದ ಹೇಳೋದು. ಬಯಲುಸೀಮೆಯವರು ಇದನ್ನ ಆಮೇಲೆ ನೋಡಿದ್ರಾಯ್ತು ಅನ್ನಬಹುದೇನೋ. ಶಿರಸಿಯಲ್ಲಿ ಮನೆ ಇಟ್ಕೊಂಡು ಕಾರವಾರದ ಕಡಲಿಗೆ ಕ್ಯಾಂಪರ್ ಎಳ್ಕೊಂಡು ಹೋಗೋ ನಮಗೆ ಆ ಮಾತು ನಡೆಯೋದಿಲ್ಲ. ದೇವಿಮನೆಯಲ್ಲಿ ಇಳೀರಿ, ಯಲ್ಲಾಪುರಕ್ಕೆ ಹೋಗಿ ಅರಬೈಲಲ್ಲಿ ಇಳೀರಿ, ಘಟ್ಟ ತಪ್ಪೋದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಶಿರಸಿ ಇರೋದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅದರಲ್ಲಿ 500 ಮೀಟರ್ ಮಾತ್ರ ಲೆಕ್ಕಕ್ಕೆ ಹಿಡಿಯೋಣ, ಟ್ರೇಲರ್ ತೂಕ 1000 ಕಿಲೋ ಅಂತಿಟ್ಕೊಳ್ಳೋಣ. ಅಷ್ಟು ಕೆಳಗಿಳಿಯುವಾಗ ಹೊರಬೀಳೋ ಶಕ್ತಿ ಸುಮಾರು 49 ಲಕ್ಷ ಜೂಲ್. ನಮ್ಮ ಬಚ್ಚಲಮನೆ ಹಂಡೆಯಲ್ಲಿ 15 ಲೀಟರ್ ತಣ್ಣೀರು ತುಂಬಿ ಕೊತಕೊತ ಕುದಿಸೋದಕ್ಕೆ ಇಷ್ಟು ಶಾಖ ಸಾಕು. ಒಂದಿಷ್ಟು ಗಾಳಿಯಲ್ಲಿ ಹೋಗುತ್ತೆ, ಒಂದಿಷ್ಟು ಟೈರ್‌ನಲ್ಲಿ, ಒಂದಿಷ್ಟನ್ನ ಲೋ ಗೇರ್‌ನಲ್ಲಿರೋ ಎಂಜಿನ್ ಹಿಡಿದುಕೊಳ್ಳುತ್ತೆ. ಮಿಕ್ಕಿದ್ದೆಲ್ಲ ಬ್ರೇಕ್‌ಗೆ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ರೆ ಕಾರಿನ ಬ್ರೇಕ್ ತನ್ನ ಭಾರದ ಮೇಲೆ ಈ ಭಾರವನ್ನೂ ಹೊರಬೇಕು. ಬಹಳ ಕಾರುಗಳ ಕೈಪಿಡಿಯಲ್ಲಿ ಬ್ರೇಕ್ ಇರೋ ಟ್ರೇಲರ್‌ಗೆ ಒಂದು ಮಿತಿ, ಇಲ್ಲದ್ದಕ್ಕೆ ಇನ್ನೊಂದು ಮಿತಿ ಅಂತ ಬೇರೆಬೇರೆ ಕೊಟ್ಟಿರೋದು ಇದಕ್ಕೇ. ಆಸ್ಟ್ರೇಲಿಯಾದಲ್ಲಿ 750 ಕಿಲೋ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. 2000 ಕಿಲೋ ದಾಟಿದ್ರೆ ಎಲ್ಲ ಚಕ್ರಕ್ಕೂ ಬೇಕು. ನಮ್ಮ ಕ್ಯಾಂಪರ್ ನೀರು, ಗ್ಯಾಸು, ಪಾತ್ರೆಪಡಗ ಎಲ್ಲ ತುಂಬಿದ ಮೇಲೆ 1100 ಕಿಲೋ ಹತ್ರ ತೂಗುತ್ತೆ. ಬ್ರೇಕ್ ಬೇಕಾ ಬೇಡವಾ ಅನ್ನೋ ಚರ್ಚೆಯನ್ನ ನಾನು ಅಲ್ಲಿಗೇ ಬಿಟ್ಟೆ.

ಟ್ರೇಲರ್ ಬ್ರೇಕ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಓವರ್‌ರನ್ ಬ್ರೇಕ್. ಕಾರು ನಿಧಾನ ಆದಾಗ ಟ್ರೇಲರ್ ಹಿಂದಿನಿಂದ ಒತ್ತುತ್ತಲ್ಲ, ಆ ಒತ್ತಡಕ್ಕೇ ಕೊಂಡಿಯ ರಾಡ್ ಒಳಗೆ ಸರಿದು ಬ್ರೇಕ್ ಎಳೆಯುತ್ತೆ. ಯುರೋಪಿನಲ್ಲಿ ಇದೇ ಹೆಚ್ಚು. ಕರೆಂಟ್ ಬೇಡ, ಡ್ರೈವರ್ ಏನೂ ಮಾಡೋದು ಬೇಡ. ನನಗೆ ಒಗ್ಗದೇ ಇದ್ದಿದ್ದು ಅದೇನೇ. ಉದ್ದ ಇಳಿಜಾರಿನಲ್ಲಿ ಟ್ರೇಲರ್ ಒತ್ತುತ್ತಲೇ ಇರುತ್ತೆ, ಬ್ರೇಕ್ ಹಿಡಿದೇ ಇರುತ್ತೆ, ಡ್ರಮ್ ಕಾಯ್ತಾನೇ ಇರುತ್ತೆ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ.

ಇನ್ನೊಂದು ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಚಕ್ರ ಬಿಚ್ಚಿದ್ದೇನೆ, ಹತ್ತಿರದಿಂದ ನೋಡಿ. ಕೆಳಗಡೆ ದುಂಡಗೆ ಕಾಣ್ತಿರೋದು ಎಲೆಕ್ಟ್ರೋಮ್ಯಾಗ್ನೆಟ್. ಕರೆಂಟ್ ಬಂದ ತಕ್ಷಣ ಇದು ತಿರುಗ್ತಿರೋ ಡ್ರಮ್‌ನ ಒಳಮೈಗೆ ಅಂಟಿಕೊಳ್ಳುತ್ತೆ, ಡ್ರಮ್ ಜೊತೆ ಒಂಚೂರು ಎಳೆದುಕೊಂಡು ಹೋಗುತ್ತೆ. ಆ ಎಳೆತಕ್ಕೆ ಈ ಕೈ ವಾಲುತ್ತೆ, ಮೇಲಿರೋ ಬ್ರೇಕ್ ಶೂಗಳು ಅಗಲವಾಗಿ ಡ್ರಮ್ಮನ್ನ ಹಿಡೀತವೆ. ಅಂದ್ರೆ ಮ್ಯಾಗ್ನೆಟ್ಟೇ ಬ್ರೇಕ್ ಅಲ್ಲ, ಅದು ಬ್ರೇಕ್ ಎಳೆಯೋ ಕೈ. ಚಕ್ರವೇ ತನ್ನ ತಿರುಗೋ ಬಲ ಕೊಟ್ಟು ತನ್ನನ್ನ ನಿಲ್ಲಿಸಿಕೊಳ್ಳುತ್ತೆ. ಇದನ್ನ ಯೋಚನೆ ಮಾಡಿದವರ ತಲೆಗೆ ಕೈ ಮುಗೀಬೇಕು ಅನ್ಸುತ್ತೆ ನನಗೆ. 10 ಇಂಚಿನ ಡ್ರಮ್ ಆದ್ರೆ ಒಂದು ಮ್ಯಾಗ್ನೆಟ್‌ಗೆ ಸುಮಾರು 3 ಆಂಪಿಯರ್, ಎರಡು ಚಕ್ರಕ್ಕೆ 6. ಎಷ್ಟು ಕರೆಂಟ್ ಬಿಡಬೇಕು, ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡೋದು ಕಂಟ್ರೋಲರ್.

ಅದರಲ್ಲೂ ಎರಡು ಬಗೆ. ಅಗ್ಗದ್ದು ಟೈಮ್-ಡಿಲೇ. ಬ್ರೇಕ್ ಪೆಡಲ್ ಮುಟ್ಟಿ, ಲೈಟ್ ಹತ್ತಿದ ಕೂಡಲೇ ಮೊದಲೇ ಗೊತ್ತು ಮಾಡಿಟ್ಟ ಪ್ರಮಾಣಕ್ಕೆ ಕರೆಂಟ್ ಏರಿಸ್ತಾ ಹೋಗುತ್ತೆ. ನೀವು ಹಗುರವಾಗಿ ಮುಟ್ಟಿದ್ರೂ ಅಷ್ಟೇ, ದನ ಅಡ್ಡ ಬಂತು ಅಂತ ಜೋರಾಗಿ ತುಳಿದ್ರೂ ಅಷ್ಟೇ. ನೇರ ಹೆದ್ದಾರಿಗೆ ನಡೆದೀತು. ದೇವಿಮನೆಯ ತಿರುವುಗಳಲ್ಲಿ ಪೆಡಲನ್ನ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಒತ್ತಬೇಕಾಗುತ್ತೆ, ಅಲ್ಲಿ ಇದು ಒಂದೋ ಹೆಚ್ಚು ಹಿಡಿಯುತ್ತೆ, ಇಲ್ಲ ಕಡಿಮೆ. ಇನ್ನೊಂದು ಪ್ರೊಪೋರ್ಷನಲ್. ಕಾರು ಎಷ್ಟು ರಭಸದಲ್ಲಿ ನಿಧಾನ ಆಗ್ತಿದೆ ಅಂತ ಒಳಗಿರೋ ಸೆನ್ಸರ್ ಅಳೆಯುತ್ತೆ, ಟ್ರೇಲರ್‌ಗೂ ಅದಕ್ಕೆ ತಕ್ಕಷ್ಟೇ ಬ್ರೇಕ್ ಕೊಡುತ್ತೆ. ಕಾರಿನ ಮೂತಿ ಕೆಳಗಾದಾಗ ಆ ಇಳಿಜಾರನ್ನೂ ಸೆನ್ಸರ್ ಗ್ರಹಿಸೋದ್ರಿಂದ ಪೆಡಲ್ ಒತ್ತಿದಾಗ ಟ್ರೇಲರ್ ಒಂಚೂರು ಮುಂಚಿತವಾಗೇ ಹಿಡಿಯುತ್ತೆ. ಘಟ್ಟದಲ್ಲಿ ನಮಗೆ ಬೇಕಾಗಿರೋದೂ ಅದೇ. ಬೆಲೆಯಲ್ಲಿ ಒಳ್ಳೇ ವ್ಯತ್ಯಾಸ ಇದೆ, ಆದ್ರೂ ಘಟ್ಟದ ಮೇಲಿನವರಿಗೆ ಟೈಮ್-ಡಿಲೇ ತಗೊಳ್ಳಿ ಅಂತ ನಾನಂತೂ ಹೇಳೋದಿಲ್ಲ. ಉಳಿತಾಯ ಮಾಡಲೇಬೇಕಾದ್ರೆ ಕ್ಯಾಂಪರ್‌ನ ಫ್ರಿಜ್ಜು ಬಿಡಿ.

ಪ್ರೊಪೋರ್ಷನಲ್‌ನಲ್ಲಿ ಟೆಕಾನ್ಷಾ ಪ್ರಾಡಿಜಿ ಪಿ3 ಅಮೆರಿಕದಲ್ಲಿ ಬಹಳ ಹೆಸರು ಮಾಡಿದ್ದು. ಡ್ಯಾಶ್ ಕೆಳಗೆ ಕೂರಿಸೋ ಪೆಟ್ಟಿಗೆ, ಪರದೆಯಲ್ಲಿ ವೋಲ್ಟೇಜ್ ತೋರಿಸುತ್ತೆ, ದೋಷ ಇದ್ರೆ ಹೇಳುತ್ತೆ. ನಾನು ಆರಿಸಿದ್ದು ಆಸ್ಟ್ರೇಲಿಯಾದ ರೆಡಾರ್ಕ್ ಟೋ-ಪ್ರೋ ಎಲೀಟ್. ಕಾರಣ ಜಾಗ. ಅಲ್ಲಿನವರದ್ದೂ ನಮ್ಮ ಹಾಗೇ ಬಲಗಡೆ ಸ್ಟೀರಿಂಗ್. ಪೆಟ್ಟಿಗೆಯನ್ನ ಡ್ಯಾಶ್ ಹಿಂದೆ ಯಾವ ದಿಕ್ಕಿಗಾದ್ರೂ ಕಟ್ಟಬಹುದು, ಹೊರಗೆ ಕಾಣೋದು ಈ ತಿರುಗುಗುಂಡಿ ಮಾತ್ರ. ಒಂದಿಷ್ಟು ಸಲ ಬ್ರೇಕ್ ಹಾಕ್ತಾ ಓಡಿಸಿದ್ರೆ ಕಾರಿನ ಮುಂದಿನ ದಿಕ್ಕು ಯಾವುದು ಅಂತ ತಾನೇ ಕಲಿತುಕೊಳ್ಳುತ್ತೆ. ಗುಂಡಿಯನ್ನ ಗೇರ್ ಲಿವರ್ ಪಕ್ಕದಲ್ಲೇ ಕೂರಿಸಿದೆ. ಘಟ್ಟದಲ್ಲಿ ಎಡಗೈ ಗೇರ್ ಮೇಲೇ ಇರುತ್ತೆ, ರಸ್ತೆಯಿಂದ ಕಣ್ಣು ಕೀಳದೆ ಅಲ್ಲಿಂದಲೇ ಬೆರಳು ಗುಂಡಿಗೆ ತಲುಪಬೇಕು. ಗುಂಡಿ ಒತ್ತಿ ಟ್ರೇಲರ್ ಬ್ರೇಕನ್ನಷ್ಟೇ ಕೈಯಿಂದ ಹಾಕೋ ಈ ಸೌಲಭ್ಯ ಇಲ್ಲದ ಕಂಟ್ರೋಲರ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಬೇಡ. ಯಾಕೆ ಅಂತ ಮುಂದೆ ಹೇಳ್ತೇನೆ.

ಈಗ ವೈರಿಂಗ್. ಸಾಮಾನ್ಯವಾಗಿ ನಾಲ್ಕು ತಂತಿ. ಕಪ್ಪು ಬ್ಯಾಟರಿಯ ಪ್ಲಸ್‌ಗೆ, ಬಿಳಿ ಮೈನಸ್‌ಗೆ, ಕೆಂಪು ಬ್ರೇಕ್ ಪೆಡಲಿನ ಸ್ವಿಚ್‌ಗೆ, ನೀಲಿ ಹಿಂದೆ ಟ್ರೇಲರ್ ಪ್ಲಗ್‌ಗೆ. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗಬಹುದು, ಜೊತೆಗೆ ಬಂದ ಚೀಟಿ ನೋಡಿಯೇ ಜೋಡಿಸಿ. ಕೆಂಪು ತಂತಿಯನ್ನ ಸ್ವಿಚ್‌ನ ಯಾವ ಬದಿಗೆ ಹಾಕ್ತೀರಿ ಅನ್ನೋದನ್ನ ಮಲ್ಟಿಮೀಟರ್ ಹಿಡಿದು ಖಚಿತ ಮಾಡ್ಕೊಳ್ಳಿ. ಪೆಡಲ್ ಒತ್ತಿದಾಗ ಮಾತ್ರ 12 ವೋಲ್ಟ್ ಬರೋ ಬದಿಯೇ ಆಗಬೇಕು. ಬ್ಯಾಟರಿ ಪಕ್ಕದಲ್ಲೇ ಸರ್ಕ್ಯೂಟ್ ಬ್ರೇಕರ್ ಹಾಕಿ, ಎಷ್ಟು ಆಂಪಿಯರಿನದು ಅನ್ನೋದನ್ನೂ ಅದೇ ಚೀಟಿಯಲ್ಲಿ ನೋಡಿ. ಬಿಳಿ ತಂತಿಯನ್ನ ಹತ್ತಿರ ಸಿಕ್ಕ ಬೋಲ್ಟಿಗೆ ಕಟ್ಟಬೇಡಿ, ಬ್ಯಾಟರಿವರೆಗೂ ಒಯ್ಯಿರಿ.

ತಂತಿಯ ದಪ್ಪದಲ್ಲಿ ರಾಜಿ ಬೇಡ. ಕಂಟ್ರೋಲರ್‌ನಿಂದ ಟ್ರೇಲರ್ ಚಕ್ರಕ್ಕೆ 8 ಮೀಟರ್ ಅಂದ್ರೆ ಹೋಗಿಬರೋ ದಾರಿ 16 ಮೀಟರ್. ಮನೆ ವೈರಿಂಗ್‌ನ 1.5 ಚದರ ಮಿ.ಮೀ. ತಂತಿ ಹಾಕಿದ್ರೆ 6 ಆಂಪಿಯರ್‌ಗೆ ದಾರಿಯಲ್ಲೇ 1 ವೋಲ್ಟ್‌ಗಿಂತ ಹೆಚ್ಚು ಕರಗಿ ಹೋಗುತ್ತೆ. 6 ಚದರ ಮಿ.ಮೀ. ತಂತಿಯಲ್ಲಿ ಹೋಗೋದು ಸುಮಾರು 0.3 ವೋಲ್ಟ್. ಮ್ಯಾಗ್ನೆಟ್‌ಗೆ ಆ ವ್ಯತ್ಯಾಸ ದೊಡ್ಡದು. ಇನ್ನೊಂದು ವಿಷಯ ಉಪ್ಪುಗಾಳಿ. ಸಮುದ್ರದ ಪಕ್ಕ ನಾಲ್ಕು ದಿನ ನಿಂತ ಬರೀ ತಾಮ್ರದ ತಂತಿಯ ತುದಿ ಹಸಿರು ತಿರುಗೋಕೆ ಶುರುವಾಗುತ್ತೆ. ಮೀನುಗಾರಿಕೆ ಬೋಟ್ ವೈರಿಂಗ್ ಮಾಡೋರ ಕೈಲಿ ಇದಕ್ಕೆ ಮದ್ದಿದೆ: ತವರ ಲೇಪಿಸಿದ ತಾಮ್ರದ ಕೇಬಲ್. ಅದನ್ನೇ ತಂದೆ. ತುದಿ ಬಿಡಿಸಿದ್ರೆ ಒಳಗಿನ ಎಳೆಗಳು ಬೆಳ್ಳಗೆ ಹೊಳೀತವೆ ನೋಡಿ. ತುದಿಗೆ ಹಾಕೋ ಲೋಹದ ಲಗ್ ಒಳಗೆ ತೂರಿಸಿ, ಕ್ರಿಂಪರ್‌ನಲ್ಲಿ ಒತ್ತಿ, ಕೈಯಲ್ಲಿ ಜಗ್ಗಿ ನೋಡೋದು. ಆಮೇಲೆ ಒಳಮೈಗೆ ಅಂಟು ಹಚ್ಚಿರೋ ಹೀಟ್ ಶ್ರಿಂಕ್, ಅಂದ್ರೆ ಬಿಸಿಗೆ ಕುಗ್ಗೋ ಕೊಳವೆ, ಹಾಕಿ ಬಿಸಿ ಕೊಡೋದು. ಕೊಳವೆಯ ಬಾಯಲ್ಲಿ ಅಂಟು ಒಂದು ಗೆರೆಯಷ್ಟು ಹೊರಗೆ ಉಕ್ಕಿತು ಅಂದ್ರೆ ಒಳಗೆ ನೀರು ಹೋಗೋದಿಲ್ಲ. ತಂತಿಗೆ ಕಚ್ಚಿ ಕೂರೋ ಆ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನ ಬ್ರೇಕ್ ಲೈನಿಗೆ ಹಾಕಲೇಬೇಡಿ. ಏಳು ಪಿನ್ ಪ್ಲಗ್‌ಗೆ ನೀರು ತಡೆಯೋ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ.

ಟ್ರೇಲರ್ ಮೂತಿಯಲ್ಲಿ ಬ್ರೇಕ್‌ಅವೇ ಸ್ವಿಚ್ ಇದೆ. ಕೊಂಡಿ ಕಳಚಿದ್ರೆ ಈ ಪಿನ್ ಕಿತ್ತು ಬರುತ್ತೆ, ಟ್ರೇಲರ್‌ನದೇ ಬ್ಯಾಟರಿಯಿಂದ ಬ್ರೇಕ್‌ಗೆ ಪೂರ್ತಿ ಕರೆಂಟ್ ಹೋಗುತ್ತೆ. ಇದರ ಹಗ್ಗವನ್ನ ಕೊಂಡಿಗೋ ಸುರಕ್ಷಾ ಸರಪಳಿಗೋ ಕಟ್ಟಬಾರದು. ಕಾರಿನ ಗಟ್ಟಿ ಭಾಗಕ್ಕೆ ಬೇರೆಯಾಗೇ ಕಟ್ಟಬೇಕು.

ಇನ್ನು ಗೇನ್, ಅಂದ್ರೆ ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನೋ ಮಟ್ಟ, ಹೊಂದಿಸೋದು. ಸಮತಟ್ಟಾದ, ಒಣಗಿದ, ಖಾಲಿ ರಸ್ತೆ ಬೇಕು. ಕ್ಯಾಂಪರ್‌ನಲ್ಲಿ ಪ್ರಯಾಣಕ್ಕೆ ಹಾಕೋ ಸಾಮಾನೆಲ್ಲ ಇರಲಿ. 40 ಕಿ.ಮೀ. ವೇಗದಲ್ಲಿ ಪೆಡಲ್ ಮುಟ್ಟದೆ ಗುಂಡಿ ಒತ್ತಿ. ಟ್ರೇಲರ್ ಹಿಂದಿನಿಂದ ಗಟ್ಟಿಯಾಗಿ ಜಗ್ಗಬೇಕು, ಆದ್ರೆ ಚಕ್ರ ತಿರುಗೋದು ನಿಂತು ಉಜ್ಜಬಾರದು. ಉಜ್ಜಿದ್ರೆ ಗೇನ್ ಇಳಿಸಿ, ಜಗ್ಗದಿದ್ರೆ ಏರಿಸಿ. ಮಳೆ ಹಿಡಿದ ರಸ್ತೆಯಲ್ಲಿ ಈ ಗೇನ್ ಹೆಚ್ಚಾಗುತ್ತೆ, ಆಗ ಇಳಿಸಲೇಬೇಕು. ಹೊಸ ಶೂ ಆದ್ರೆ ಒಂದಿಷ್ಟು ಓಡಿ ಪಳಗಿದ ಮೇಲೆ ಇನ್ನೊಮ್ಮೆ ಹೊಂದಿಸಿ.

ಈಗ ಘಟ್ಟ. ಎರಡನೇ ಗೇರ್‌ನಲ್ಲಿ ಎಂಜಿನ್ ಹಿಡಿದುಕೊಂಡಿದೆ, ವೇಗ ಏರಿದಾಗ ಮಾತ್ರ ಒಮ್ಮೆ ಗಟ್ಟಿಯಾಗಿ ಬ್ರೇಕ್, ಆಮೇಲೆ ಪೂರ್ತಿ ಬಿಡೋದು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಯಾವ ಕಂಟ್ರೋಲರ್ ಇದ್ರೂ ಡ್ರಮ್ ಕಾದು ಹಿಗ್ಗುತ್ತೆ, ಹಿಡಿತ ಹೋಗುತ್ತೆ. ಗುಂಡಿಯ ಬೆಲೆ ಗೊತ್ತಾಗೋದು ಟ್ರೇಲರ್ ಅತ್ತಿತ್ತ ತೂಗೋಕೆ ಶುರುಮಾಡಿದಾಗ. ಹೆದ್ದಾರಿ 66ರಲ್ಲಿ ಪಕ್ಕದಲ್ಲೇ ಲಾರಿ ರಭಸದಿಂದ ದಾಟಿ ಹೋದಾಗ ಹೀಗಾಗಬಹುದು. ಆಗ ಕಾರಿನ ಬ್ರೇಕ್ ತುಳಿದ್ರೆ ಹಿಂದಿನ ಭಾರ ಮುಂದೆ ನುಗ್ಗಿ ತೂಗಾಟ ಹೆಚ್ಚಾಗುತ್ತೆ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಗುಂಡಿ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಟ್ರೇಲರ್ ಕಾರನ್ನ ಹಿಂದಕ್ಕೆ ಜಗ್ಗುತ್ತೆ, ಎರಡೂ ಒಂದೇ ಗೆರೆಗೆ ಬರ್ತವೆ. ಮನೆಯಲ್ಲಿ ಕಾರು ಓಡಿಸೋ ಪ್ರತಿಯೊಬ್ಬರಿಗೂ ಇದನ್ನ ಖಾಲಿ ರಸ್ತೆಯಲ್ಲಿ ಮಾಡಿಸಿ ಕಲಿಸಿದ್ದೇನೆ.

ದೇವಿಮನೆ ಘಟ್ಟ ಇಳಿದ ಮೇಲೆ ಸಿಗೋ ಕತಗಾಲದಲ್ಲಿ ಗಾಡಿ ನಿಲ್ಲಿಸಿ ಎರಡೂ ಡ್ರಮ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯೋದು ನಮ್ಮ ರೂಢಿ. ಎಷ್ಟು ಬಿಸಿ ಅನ್ನೋದರ ಜೊತೆಗೆ ಎರಡೂ ಹೆಚ್ಚುಕಡಿಮೆ ಸಮನಾಗಿದೆಯಾ ಅನ್ನೋದನ್ನ ನೋಡಿ. ಒಂದು ಕಾದು ಇನ್ನೊಂದು ತಣ್ಣಗಿದ್ರೆ ಆ ತಣ್ಣಗಿರೋ ಚಕ್ರ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಮೊದಲು ಅದರ ತಂತಿಯ ಜೋಡಣೆ ನೋಡಿ, ಆಮೇಲೆ ಮ್ಯಾಗ್ನೆಟ್ ಸವೆದಿದೆಯಾ ಅಂತ ನೋಡಿ. ಕಡಲ ಮರಳಿನಿಂದ ಮನೆಗೆ ಬಂದ ಮೇಲೆ ಪ್ಲಗ್ಗನ್ನೂ ಡ್ರಮ್‌ಗಳ ಹಿಂಭಾಗವನ್ನೂ ಸಿಹಿನೀರಲ್ಲಿ ತೊಳೆದು ಒಣಗಿಸಿ, ಪ್ಲಗ್‌ಗೆ ಗ್ರೀಸ್ ಮತ್ತೆ ಸವರಿ. ಮುಂದಿನ ವಿಡಿಯೋದಲ್ಲಿ ಬೇರಿಂಗ್ ಬಿಚ್ಚೋಣ.