ಹಂಗಾಮಿ ರಾಷ್ಟ್ರಪತಿಯ ಒಂದು ದಿನ: ಜಮಖಂಡಿಯ ಬಿ.ಡಿ. ಜತ್ತಿ

[ದೃಶ್ಯ: ಜಮಖಂಡಿ ಬಸ್ ನಿಲ್ದಾಣ. ಸಾವಳಗಿ ಬೋರ್ಡ್ ಹಾಕಿಕೊಂಡು ನಿಂತ ಬಸ್ಸು.]

ನಮಸ್ಕಾರ್ರೀ. ಕರ್ನಾಟಕದವರು ಯಾರಾದರೂ ರಾಷ್ಟ್ರಪತಿ ಆಗಿದ್ದಾರಾ? ಪರೀಕ್ಷೆಗೆ ಓದೋ ಹುಡುಗರನ್ನು ಕೇಳಿದರೆ ಥಟ್ಟನೆ ಇಲ್ಲ ಅಂತಾರೆ. ಪಟ್ಟಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ಆದ ಮೇಲೆ ಸೀದಾ ನೀಲಂ ಸಂಜೀವ ರೆಡ್ಡಿ. ಆದರೆ ಅಹ್ಮದ್ ತೀರಿಕೊಂಡದ್ದು 1977ರ ಫೆಬ್ರುವರಿ 11ಕ್ಕೆ. ರೆಡ್ಡಿ ಪ್ರಮಾಣವಚನ ತೆಗೆದುಕೊಂಡದ್ದು ಜುಲೈ 25ಕ್ಕೆ. ನಡುವಿನ ಐದು ತಿಂಗಳು ಚಿಲ್ಲರೆ ಆ ಕುರ್ಚಿಯಲ್ಲಿ ಇದ್ದವರು ಯಾರು?

ಈ ಬಸ್ಸು ಹೋಗ್ತದಲ್ಲ, ಸಾವಳಗಿ. ಆ ಊರಿನ ಬಸಪ್ಪ ದಾನಪ್ಪ ಜತ್ತಿ. ಹಂಗಾಮಿ ರಾಷ್ಟ್ರಪತಿ. ಆಫೀಸಿನ ಭಾಷೆಯಲ್ಲಿ ಇನ್‌ಚಾರ್ಜ್.

ಇನ್‌ಚಾರ್ಜ್ ಸಾಹೇಬರ ಕಥೆ ನಿಮಗೆ ಗೊತ್ತೇ ಇದೆ. ದೊಡ್ಡ ಫೈಲು ಬಂದರೆ ಮುಟ್ಟೋದಿಲ್ಲ. ‘ಖಾಯಂ ಸಾಹೇಬರು ಬರಲಿ, ತಡೀರಿ’ ಅಂತಾರೆ. ಜತ್ತಿಯವರಿಗೆ ಆ ಸೌಲಭ್ಯ ಸಿಗಲಿಲ್ಲ. ಅವರ ಮೇಜಿನ ಮೇಲೆ ಬಂದದ್ದು ಒಂಬತ್ತು ರಾಜ್ಯಗಳ ವಿಧಾನಸಭೆಯನ್ನು ಒಟ್ಟಿಗೆ ವಿಸರ್ಜಿಸುವ ಫೈಲು. ಅದರ ಕಡೆಗೆ ಆಮೇಲೆ ಬರೋಣ.

[ದೃಶ್ಯ: ಜಮಖಂಡಿ ಅರಮನೆ, ದೂರದಿಂದ.]

ಹುಟ್ಟಿದ್ದು 1912ರ ಸೆಪ್ಟೆಂಬರ್ 10. ಆಗ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಹುಡುಗ ಕೊಲ್ಹಾಪುರಕ್ಕೆ ಹೋಗಿ ಕಾನೂನು ಓದಿ ಬಂದ. ಜಮಖಂಡಿಯಲ್ಲೇ ವಕೀಲಿ ಶುರು ಮಾಡಿದ. ರಾಜಕೀಯದ ಮೊದಲ ಮೆಟ್ಟಿಲು ಊರಿನ ಪುರಸಭೆ. 1940ರಲ್ಲಿ ಸದಸ್ಯ, 1945ರಲ್ಲಿ ಅಧ್ಯಕ್ಷ. ಆಮೇಲೆ ಸಂಸ್ಥಾನದ ಮಂತ್ರಿ, ಕೊನೆಗೆ ಅದರ ಮುಖ್ಯಮಂತ್ರಿ. 1948ರ ಮಾರ್ಚ್ 8ಕ್ಕೆ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ನಮ್ಮ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂತು. ಹೊಸಿಲು ದಾಟದ ಜಮಖಂಡಿಯವರೂ ಎಂಟು ವರ್ಷದಲ್ಲಿ ಮೂರು ಸರ್ಕಾರ ಕಂಡರು.

ಮುಂಬಯಿ ದಿನಗಳ ಒಂದು ವಿಷಯ ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1952ರ ಚುನಾವಣೆ ಆದ ಮೇಲೆ ಜತ್ತಿ ಅಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ.

ಮೈಸೂರಿಗೆ ಬಂದ ಮೇಲೆ ಭೂಸುಧಾರಣೆ ಸಮಿತಿಗೆ ಜತ್ತಿ ಅಧ್ಯಕ್ಷರಾದರು. ಜನ ಅದನ್ನು ಜತ್ತಿ ಸಮಿತಿ ಅಂತಲೇ ಕರೆದರು. 1958ರಲ್ಲಿ ನಿಜಲಿಂಗಪ್ಪನವರು ಇಳಿದಾಗ ಮುಖ್ಯಮಂತ್ರಿ ಆದರು, 1962ರವರೆಗೆ ಇದ್ದರು. 1961ರ ಭೂಸುಧಾರಣೆ ಕಾಯ್ದೆ ಆ ಕಾಲದ್ದು. ಆದರೆ ಅದು ಜಾರಿಯಾಗಿದ್ದು 1965ರ ಅಕ್ಟೋಬರ್ 2ಕ್ಕೆ. ಲಾವಣಿ ಹೊಲ, ಅಂದರೆ ಗೇಣಿ ಹೊಲ, ಮಾಡೋ ರೈತರಿಗೆ ಕಾಯ್ದೆ ಪುಸ್ತಕದಲ್ಲಿ ಬಂತು, ಹೊಲಕ್ಕೆ ಬರಲು ಬಹಳ ತಡವಾಯಿತು. ಗೇಣಿದಾರರ ಕೈಗೆ ಭೂಮಿ ಜಾಸ್ತಿ ಸಿಕ್ಕಿದ್ದು ದೇವರಾಜ ಅರಸರ 1974ರ ತಿದ್ದುಪಡಿ ಆದ ಮೇಲೆ. ಜತ್ತಿಯವರನ್ನು ಹೊಗಳುವವರು ಈ ಮಾತು ಸುಮ್ನೆ ದಾಟಿಬಿಡುತ್ತಾರೆ.

ನಡುವೆ ಒಂದು ತಮಾಷೆ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆಗ ಕುರ್ಚಿ ಕಾಯ್ದವರು ಹುನಗುಂದದ ಎಸ್.ಆರ್. ಕಂಠಿ, ಮಾರ್ಚ್‌ನಿಂದ ಜೂನ್‌ವರೆಗೆ. ನಿಜಲಿಂಗಪ್ಪ ಬಾಗಲಕೋಟೆಯಿಂದ ಉಪಚುನಾವಣೆ ಗೆದ್ದು ಬಂದರು, ಕಂಠಿಯವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಇನ್‌ಚಾರ್ಜ್ ಕೆಲಸಕ್ಕೆ ನಮ್ಮ ಜಿಲ್ಲೆಯವರೇ ಬೇಕು ಅಂತ ಕಾಣುತ್ತೆ!

ಆಮೇಲೆ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ. 1974ರಲ್ಲಿ 521 ಮತ ಪಡೆದು ಉಪರಾಷ್ಟ್ರಪತಿ. ಎದುರಾಳಿಗೆ ಬಿದ್ದದ್ದು 141.

[ದೃಶ್ಯ: ಕಪ್ಪು ಪರದೆ. ಅಕ್ಷರ: 1975, ತುರ್ತು ಪರಿಸ್ಥಿತಿ.]

ಉಪರಾಷ್ಟ್ರಪತಿ ಅಂದರೆ ರಾಜ್ಯಸಭೆಯ ಸಭಾಪತಿ. ತುರ್ತು ಪರಿಸ್ಥಿತಿಯ ಬಹುಪಾಲು ದಿನ ಆ ಪೀಠದಲ್ಲಿ ಇದ್ದದ್ದು ಜತ್ತಿ. ಅದೇ ಸದನ 1976ರ ನವೆಂಬರ್‌ನಲ್ಲಿ ಸಂವಿಧಾನದ 42ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 74ನೇ ವಿಧಿಗೆ ಒಂದು ಸಾಲು ಸೇರಿತ್ತು. ಮಂತ್ರಿಮಂಡಲ ಏನು ಸಲಹೆ ಕೊಡುತ್ತದೋ ರಾಷ್ಟ್ರಪತಿ ಹಾಗೇ ನಡೆದುಕೊಳ್ಳಬೇಕು. ವಾಪಸ್ ಕಳಿಸುವ ದಾರಿಯನ್ನು ಅದರಲ್ಲಿ ಬರೆದಿರಲಿಲ್ಲ.

ಮೂರು ತಿಂಗಳು ಆಗುವಷ್ಟರಲ್ಲಿ ಆ ಸಾಲು ಅವರ ಕೊರಳಿಗೇ ಬಂತು. ಅಹ್ಮದ್ ತೀರಿಕೊಂಡರು. ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಚುನಾವಣೆ ಸೋತರು. ಮಾರ್ಚ್ 24ಕ್ಕೆ ಜನತಾ ಪಕ್ಷದ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿ. ಆ ಪ್ರಧಾನಿ ಮೊರಾರ್ಜಿ ದೇಸಾಯಿ! ಮುಂಬಯಿಯ ಹಳೇ ಉಪಮಂತ್ರಿ ತನ್ನ ಹಳೇ ಮುಖ್ಯಮಂತ್ರಿಯ ಕೈಯಲ್ಲಿ ಪ್ರಮಾಣ ಮಾಡಿಸಿದರು.

ಏಪ್ರಿಲ್‌ನಲ್ಲಿ ಗೃಹ ಸಚಿವ ಚರಣ್ ಸಿಂಗ್ ಒಂಬತ್ತು ಕಾಂಗ್ರೆಸ್ ರಾಜ್ಯಗಳಿಗೆ ಪತ್ರ ಬರೆದರು. ಲೋಕಸಭೆಯಲ್ಲಿ ಜನ ನಿಮ್ಮನ್ನು ಸೋಲಿಸಿದ್ದಾರೆ, ವಿಧಾನಸಭೆ ವಿಸರ್ಜಿಸಿ, ಹೊಸ ಚುನಾವಣೆಗೆ ಹೋಗಿ ಅಂತ. ಕರ್ನಾಟಕ ಈ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲಿ ಕಾಂಗ್ರೆಸ್ 28ರಲ್ಲಿ 26 ಗೆದ್ದಿತ್ತು. ಇನ್ನೊಂದು ಲೆಕ್ಕವೂ ಇತ್ತು. ರಾಷ್ಟ್ರಪತಿ ಸ್ಥಾನ ಖಾಲಿಯಾದರೆ ಆರು ತಿಂಗಳ ಒಳಗೆ ಚುನಾವಣೆ ಆಗಲೇಬೇಕು, ಅದರಲ್ಲಿ ಎಂಎಲ್‌ಎಗಳೂ ಮತ ಹಾಕುತ್ತಾರೆ. ಹಾಗಾಗಿ ಹಳೇ ಎಂಎಲ್‌ಎಗಳಾ, ಹೊಸಬರಾ ಅನ್ನೋದು ಸಣ್ಣ ಮಾತಲ್ಲ.

ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ಕ್ಕೆ ಅಲ್ಲೂ ಸೋತವು. ಫೈಲು ಜತ್ತಿಯವರ ಮುಂದೆ ಬಂತು. ಅವರು ಸಹಿ ಹಾಕಲಿಲ್ಲ.

ಸರ್ಕಾರ ಪಟ್ಟು ಬಿಡಲಿಲ್ಲ. ಮಾರನೇ ದಿನ, ಏಪ್ರಿಲ್ 30ಕ್ಕೆ, ಸಹಿ ಬಿತ್ತು.

ಒಂದೇ ದಿನ ತಡ. ಕಾಂಗ್ರೆಸ್ ಹಿನ್ನೆಲೆಯವರು, ಪಕ್ಷಕ್ಕಾಗಿ ತಡೆದರು ಅಂತ ಒಬ್ಬರು ಹೇಳಬಹುದು. ಗೆದ್ದು ಬಂದ ಒಂಬತ್ತು ಸರ್ಕಾರ ಕೆಡವುವ ಕಾಗದಕ್ಕೆ ಯಾರಾದರೂ ಒಮ್ಮೆ ಪೆನ್ನು ಕೆಳಗಿಟ್ಟು ಯೋಚನೆ ಮಾಡಬೇಕಲ್ವಾ ಅಂತ ಇನ್ನೊಬ್ಬರು ಕೇಳಬಹುದು. ನನಗಂತೂ ಎರಡನೇ ಮಾತೇ ಸರಿ ಅನ್ನಿಸುತ್ತದೆ. ಆದರೆ ಬೇಜಾರು ಎಲ್ಲಿ ಅಂದರೆ, ಯೋಚನೆ ಮಾಡಲು ಜಾಗ ಇಲ್ಲದ ಹಾಗೆ ಕಾನೂನು ಮಾಡಿದ ಸದನದಲ್ಲಿ ಪೀಠದ ಮೇಲೆ ಕೂತವರೂ ಇದೇ ಜತ್ತಿ.

ಜುಲೈನಲ್ಲಿ ರೆಡ್ಡಿ ಬಂದರು. ಜತ್ತಿ ತಮ್ಮ ಹಳೇ ಕುರ್ಚಿಗೆ ಹೋದರು, 1979ರ ಆಗಸ್ಟ್‌ವರೆಗೆ ಉಪರಾಷ್ಟ್ರಪತಿ ಆಗಿದ್ದರು. ಆಮೇಲಿನ ವರ್ಷಗಳು ಹೆಚ್ಚಾಗಿ ಬಸವ ಸಮಿತಿಯ ಕೆಲಸದಲ್ಲಿ ಕಳೆದವು. ಅದನ್ನು 1964ರಲ್ಲಿ ಬೆಂಗಳೂರಿನಲ್ಲಿ ಅವರೇ ಕಟ್ಟಿದ್ದರು. 2002ರ ಜೂನ್ 7ಕ್ಕೆ ತೀರಿಕೊಂಡರು.

[ದೃಶ್ಯ: ಪರದೆ ಮೇಲೆ 74ನೇ ವಿಧಿ, ಕೊನೆಯ ಸಾಲಿಗೆ ಹಳದಿ ಬಣ್ಣ.]

ಆ ಒಂದು ದಿನಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 44ನೇ ತಿದ್ದುಪಡಿಯಲ್ಲಿ. ಈಗ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯನ್ನು ‘ಇನ್ನೊಮ್ಮೆ ಯೋಚಿಸಿ’ ಅಂತ ಒಂದು ಸಲ ವಾಪಸ್ ಕಳಿಸಬಹುದು. ಮತ್ತೆ ಬಂದರೆ ಒಪ್ಪಲೇಬೇಕು. ಈ ತಿದ್ದುಪಡಿ ರಾಜ್ಯಸಭೆಗೆ ಬಂದಾಗ ಸಭಾಪತಿ ಮತ್ತೆ ಜತ್ತಿಯವರೇ. ಅದಕ್ಕೆ ರಾಷ್ಟ್ರಪತಿ ಸಂಜೀವ ರೆಡ್ಡಿಯವರ ಅಂಕಿತ ಬಿದ್ದ ತಾರೀಕು ಯಾವುದು ಗೊತ್ತಾ?

[ಪರದೆ ಮೇಲೆ ಅಕ್ಷರ: 1979, ಏಪ್ರಿಲ್ 30.]