ಹತ್ತಿದ ಗೇರಿನಲ್ಲೇ ಇಳಿಯಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ತಂದೆ ಲಾರಿ ಓಡಿಸುತ್ತಿದ್ದರು. ಹಾಸನದಿಂದ ಆಲೂಗಡ್ಡೆ, ಸಕಲೇಶಪುರದಿಂದ ಕಾಫಿ ಮೂಟೆ, ಎರಡೂ ಮಂಗಳೂರಿಗೆ. ಸ್ಕೂಲಿಗೆ ರಜೆ ಇದ್ದಾಗ ನಾನೂ ಮುಂದೆ ಕೂತು ಹೋಗುತ್ತಿದ್ದೆ. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಶುರುವಾಗುತ್ತಿದ್ದ ಹಾಗೇ ಅಪ್ಪ ಗೇರ್ ಇಳಿಸುತ್ತಿದ್ದರು, ಬ್ರೇಕಿಗಿಂತ ಎಂಜಿನ್ನೇ ಲಾರಿಯನ್ನು ಹಿಡಿದಿರಲಿ ಅಂತ. ಲಾರಿ ಗೊರಗೊರ ಅನ್ನುತ್ತಾ ನಿಧಾನಕ್ಕೆ ಇಳಿಯುತ್ತಿತ್ತು. ನನಗೋ ಅವಸರ. ‘ಇಳಿಜಾರು ಅಲ್ವಾ ಅಪ್ಪ, ಬೇಗ ಹೋಗಬಹುದಲ್ಲ’ ಅಂದರೆ, ‘ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು ಕಣಮ್ಮ’ ಅನ್ನುತ್ತಿದ್ದರು. ಗುಂಡ್ಯದಲ್ಲಿ ಟೀಗೆ ನಿಲ್ಲಿಸಿದಾಗ ಮೊದಲು ಚಕ್ರದ ಹತ್ತಿರ ಬಗ್ಗಿ, ಕೈ ಚಾಚಿ ಕಾವು ನೋಡುತ್ತಿದ್ದರು. ಕಾವು ಜಾಸ್ತಿ ಇದ್ದರೆ ಬ್ರೇಕ್ ಜಾಸ್ತಿ ಒತ್ತಿದ್ದೇನೆ ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಚಂದ್ರಯಾನ-3ರ ಮಾತು ಬಂದಾಗಲೆಲ್ಲ ನನಗೆ ಆ ಚಕ್ರದ ಕಾವು ನೆನಪಾಗುತ್ತದೆ. ವೇಗ ಅನ್ನುವುದು ಸುಮ್ನೆ ಮಾಯವಾಗುವುದಿಲ್ಲ. ಘಾಟಿಯಲ್ಲಿ ಅದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಚಂದ್ರನ ಹತ್ತಿರ ಅದು ಹೇಗೆ ಹೋಗಬೇಕು?

ಮೊದಲು ಹತ್ತಿದ ಕಥೆ ಹೇಳಿಬಿಡುತ್ತೇನೆ. 2023ರ ಜುಲೈ 14, ಮಧ್ಯಾಹ್ನ 2 ಗಂಟೆ 35 ನಿಮಿಷ. ಶ್ರೀಹರಿಕೋಟಾದಿಂದ ಎಲ್‌ವಿಎಂ-3 ರಾಕೆಟ್ ಮೇಲೆದ್ದಿತು. ಪತ್ರಿಕೆಯವರು ಇದಕ್ಕೆ ಬಾಹುಬಲಿ ಅಂತ ಹೆಸರಿಟ್ಟಿದ್ದಾರೆ. ಹಾಸನ ಜಿಲ್ಲೆಯವರಿಗೆ ಬಾಹುಬಲಿ ಅಂದರೆ ಶ್ರವಣಬೆಳಗೊಳ. ಹಾಗಾಗಿ ಅಳತೆಯನ್ನೂ ಅಲ್ಲಿಂದಲೇ ಹೇಳುತ್ತೇನೆ. ವಿಂಧ್ಯಗಿರಿಯ ಮೂರ್ತಿ ಸುಮಾರು 58 ಅಡಿ. ಈ ರಾಕೆಟ್ 43.5 ಮೀಟರ್, ಅಂದರೆ ಅದರ ಎರಡೂವರೆ ಪಟ್ಟು. ತೂಕ ಸುಮಾರು 640 ಟನ್. ಅದರಲ್ಲಿ ಚಂದ್ರನ ಕಡೆಗೆ ಹೊರಟ ಸಾಮಾನು 3,900 ಕಿಲೋ ಮಾತ್ರ. ಉಳಿದದ್ದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಉರಿದುಹೋಗುವ ಇಂಧನ.

ಟಿವಿಯಲ್ಲಿ ನೋಡಿದವರು ಒಂದು ಸಂಗತಿ ಗಮನಿಸಿರಲಿಕ್ಕಿಲ್ಲ. ಮೇಲೇಳುವಾಗ ನಡುವಿನ ಎಂಜಿನ್ನುಗಳು ಉರಿಯುತ್ತಲೇ ಇರಲಿಲ್ಲ. ಎರಡು ಪಕ್ಕದಲ್ಲೂ ಕಟ್ಟಿದ ಎರಡು ದಪ್ಪ ಬೂಸ್ಟರ್‌ಗಳೇ ಅಷ್ಟು ಭಾರವನ್ನು ಎತ್ತಿದವು. ಒಂದೊಂದರಲ್ಲೂ 200 ಟನ್ನಿಗೂ ಮೇಲೆ ಗಟ್ಟಿ ಇಂಧನ. ಒಂದೂಮುಕ್ಕಾಲು ನಿಮಿಷ ಕಳೆದ ಮೇಲೆ ನಡುವಿನ ಎರಡು ವಿಕಾಸ್ ಎಂಜಿನ್ ಹೊತ್ತಿಕೊಂಡವು. ಆಮೇಲೆ ಬೂಸ್ಟರ್‌ಗಳು ಕಳಚಿಬಿದ್ದವು. ಕೊನೆಯದು ಕ್ರಯೋಜೆನಿಕ್ ಹಂತ. ಅದರಲ್ಲಿ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣ್ಣಗಾಗಿಸಿ ದ್ರವ ಮಾಡಿದ ಹೈಡ್ರೋಜನ್ ಇರುತ್ತದೆ. ಪಕ್ಕದ ಟ್ಯಾಂಕಿನಲ್ಲಿ ಸೊನ್ನೆಗಿಂತ 183 ಡಿಗ್ರಿ ಕೆಳಗಿನ ಆಕ್ಸಿಜನ್. ಅಷ್ಟು ತಣ್ಣಗಿನ ಎರಡು ದ್ರವ ಕೂಡಿ ಬೆಂಕಿಯಾಗುವುದನ್ನು ಪಾಠದಲ್ಲಿ ಹೇಳುವಾಗ ಪ್ರತಿ ವರ್ಷವೂ ನನಗೆ ರೋಮಾಂಚನವಾಗುತ್ತದೆ.

ಹಾಸನದಲ್ಲಿ ಸಾಲಗಾಮೆ ರಸ್ತೆಯ ಕಡೆ ಓಡಾಡುವವರಿಗೆ ಎಂಸಿಎಫ್‌ನ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ, ದೊಡ್ಡ ದೊಡ್ಡ ಬಿಳಿ ಆಂಟೆನಾಗಳು ಗೊತ್ತು. ‘ಚಂದ್ರಯಾನ ನಡೆಸಿದ್ದು ಇಲ್ಲಿಂದಲೇ ಅಲ್ವಾ ಮೇಡಂ’ ಅಂತ ಮಕ್ಕಳ ತಂದೆತಾಯಿ ಎಷ್ಟೋ ಸಲ ಕೇಳಿದ್ದಾರೆ. ಅಲ್ಲ. ಚಂದ್ರಯಾನವನ್ನು ನೋಡಿಕೊಂಡಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ, ನೌಕೆಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರಾಕ್ ಕೇಂದ್ರ, ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಆಂಟೆನಾಗಳ ಮೂಲಕ. ನಮ್ಮ ಹಾಸನದ ಕೇಂದ್ರ ನೋಡಿಕೊಳ್ಳುವುದು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು. 1982ರಿಂದ ಹಗಲೂ ರಾತ್ರಿ ಅದೇ ಕೆಲಸ. ಆದರೆ ನೆಂಟಸ್ತನ ಇಲ್ಲದೇ ಇಲ್ಲ. 2017ರ ಜೂನ್ 5ರಂದು ಇದೇ ಜಾತಿಯ ರಾಕೆಟ್ ಮೊದಲ ಬಾರಿಗೆ ಒಂದು ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದು ಜಿಸ್ಯಾಟ್-19. ರಾಕೆಟ್ ಬಿಟ್ಟ ಕೂಡಲೇ ಅದರ ಹೊಣೆ ಹೊತ್ತಿದ್ದು ನಮ್ಮ ಹಾಸನ. ಬಾಹುಬಲಿ ಹೊತ್ತು ತಂದ ಮೊದಲ ಕೂಸು ಬಿದ್ದದ್ದು ಹಾಸನದ ಮಡಿಲಿಗೆ. ಇದನ್ನು ಹೇಳುವಾಗ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಜುಲೈ 14ಕ್ಕೆ ಹೊರಟಿದ್ದು ಆಗಸ್ಟ್ 23ಕ್ಕೆ ಯಾಕೆ ತಲುಪಿತು ಅಂತ ಮಕ್ಕಳು ಕೇಳುತ್ತಾರೆ. ರಾಕೆಟ್ ಅದನ್ನು ನೇರ ಚಂದ್ರನಿಗೆ ಎಸೆಯಲಿಲ್ಲ. ಭೂಮಿಯ ಸುತ್ತ ಉದ್ದನೆಯ ದಾರಿಯಲ್ಲಿ ಬಿಟ್ಟಿತು. ಭೂಮಿಯ ಹತ್ತಿರ ಬಂದಾಗೆಲ್ಲ ಎಂಜಿನ್ ಉರಿಸಿ, ಜೋಕಾಲಿ ಜೀಕಿದ ಹಾಗೆ, ಪ್ರತಿ ಸಲ ಇನ್ನಷ್ಟು ದೂರ ಹೋಗುವಂತೆ ಮಾಡಿದರು. ಇಂಧನ ಉಳಿಸುವ ದಾರಿ ಅದು. ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿಯಿತು. 5ಕ್ಕೆ ಚಂದ್ರನ ಸುತ್ತ ಸುತ್ತತೊಡಗಿತು. 17ಕ್ಕೆ ನೆಲಕ್ಕೆ ಇಳಿಯಬೇಕಾದ ಭಾಗ, ವಿಕ್ರಮ್ ಲ್ಯಾಂಡರ್, ಬೇರೆಯಾಯಿತು.

ಇನ್ನು ಇಳಿಯುವುದು. ನನ್ನ ಪ್ರಕಾರ ಇಡೀ ಯಾನದ ತಿರುಳು ಇಲ್ಲೇ ಇದೆ. ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಚೂಟ್ ನಡೆಯುವುದಿಲ್ಲ. ಬ್ರೇಕ್ ಒತ್ತೋಣ ಅಂದರೆ ರಸ್ತೆಯೂ ಇಲ್ಲ. ಓಡುವ ದಿಕ್ಕಿಗೆ ಎದುರಾಗಿ ಎಂಜಿನ್ ಉರಿಸಿ, ಆ ಬೆಂಕಿಯಿಂದಲೇ ವೇಗ ಕಳೆಯಬೇಕು. ಅಪ್ಪ ಹೇಳಿದ್ದೂ ಅದೇ ಅಲ್ವಾ? ಹತ್ತಿಸಿದ್ದು ಎಂಜಿನ್, ಇಳಿಸುವುದೂ ಎಂಜಿನ್ನೇ. ಆ ಎಂಜಿನ್ ಹಿಡಿಯುವವರು ಕೂಡ ಲ್ಯಾಂಡರ್ ಒಳಗೇ ಇರಬೇಕು. ಪೀಣ್ಯದಿಂದ ಕೂಗಿದ್ದು ಚಂದ್ರನಿಗೆ ಮುಟ್ಟಿ, ಉತ್ತರ ಬರುವುದಕ್ಕೆ ಎರಡೂವರೆ ಸೆಕೆಂಡ್ ಬೇಕು. ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಎರಡೂವರೆ ಸೆಕೆಂಡ್ ತಡವಾಗಿ ತಿರುಗಿದರೆ ಏನಾಗುತ್ತದೆ, ಯೋಚಿಸಿ. ಅದಕ್ಕೇ ಕೊನೆಯ ಇಳಿತವನ್ನೆಲ್ಲ ಲ್ಯಾಂಡರಿನ ಕಂಪ್ಯೂಟರಿಗೇ ಒಪ್ಪಿಸಿದ್ದರು.

2019ರ ಸೆಪ್ಟೆಂಬರ್ 7ರ ರಾತ್ರಿ ನಿಮಗೆ ನೆನಪಿರಬಹುದು. ಚಂದ್ರಯಾನ-2. ಪರದೆಯ ಮೇಲೆ ಇಳಿಯಬೇಕಾದ ದಾರಿಯ ಕೆಂಪು ಗೆರೆ, ಅದರ ಮೇಲೆ ಲ್ಯಾಂಡರಿನ ಹಸಿರು ಚುಕ್ಕೆ. ಚುಕ್ಕೆ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿತು, ನಿಂತಿತು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಜಾಸ್ತಿ ತಳ್ಳಿದ್ದವು. ಆ ವ್ಯತ್ಯಾಸ ಸ್ವಲ್ಪ ಸ್ವಲ್ಪವೇ ಕೂಡುತ್ತಾ ಹೋಯಿತು. ಸರಿಪಡಿಸಲು ಲ್ಯಾಂಡರ್ ಬೇಗ ಬೇಗ ತಿರುಗಬೇಕಿತ್ತು, ಅಷ್ಟು ಬೇಗ ತಿರುಗಲು ಅದಕ್ಕೆ ಅನುಮತಿಯೇ ಇರಲಿಲ್ಲ. ಇಳಿಯಬೇಕಾದ ಜಾಗವೂ ಅರ್ಧ ಕಿಲೋಮೀಟರ್ ಅಗಲದ ಚಿಕ್ಕ ಚೌಕ. ಮುಂದಿನ ನಾಲ್ಕು ವರ್ಷ ಇಸ್ರೋದವರು ಏನೇನು ಕೆಡಬಹುದು ಅನ್ನುವುದನ್ನೇ ಕೂತು ಎಣಿಸಿದರು. ಐದು ಎಂಜಿನ್ ಇದ್ದಲ್ಲಿ ನಾಲ್ಕು ಮಾಡಿದರು. ಕಾಲು ಗಟ್ಟಿ ಮಾಡಿದರು. ಇಂಧನ ಹೆಚ್ಚಿಸಿದರು. ವೇಗ ಅಳೆಯಲು ಲೇಸರ್ ಉಪಕರಣ ಹಾಕಿದರು. ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, ಸುಮಾರು ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಬಿದ್ದ ಮಗುವನ್ನು ಬೈಯದೆ, ಎಲ್ಲಿ ಎಡವಿತು ಅಂತ ನೆಲ ನೋಡಿದರು. ಇಸ್ರೋ ಮೇಲೆ ನನಗಿರುವ ಪ್ರೀತಿಗೆ ರಾಕೆಟ್‌ಗಿಂತ ಇದೇ ದೊಡ್ಡ ಕಾರಣ.

2023ರ ಆಗಸ್ಟ್ 23. ನಮ್ಮ ಕಡೆ ಮಳೆ ಬಿಟ್ಟಿರಲಿಲ್ಲ. ಸ್ಕೂಲು ಬಿಟ್ಟರೂ ಮಕ್ಕಳು ಹೋಗಲಿಲ್ಲ. ಸ್ಕೂಲಿನ ಹಾಲ್‌ನಲ್ಲಿ ಟಿವಿ ಹಾಕಿದ್ದೆವು. ನಾನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎತ್ತರದ ಅಂಕಿಗಳನ್ನು ಬರೆದಿಟ್ಟಿದ್ದೆ, 30 ಕಿಲೋಮೀಟರ್‌ನಿಂದ ಸೊನ್ನೆವರೆಗೆ. ಒಂದೊಂದು ದಾಟಿದ ಹಾಗೆ ಅಳಿಸುವುದಕ್ಕೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಡಸ್ಟರ್ ಹಿಡಿದು ನಿಂತಿದ್ದಳು. ಐದೂಮುಕ್ಕಾಲಿನ ಹೊತ್ತಿಗೆ ಇಳಿತ ಶುರುವಾಯಿತು. ಆಗ ವೇಗ ಸೆಕೆಂಡಿಗೆ 1.68 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಎರಡು ನಿಮಿಷದೊಳಗೆ ಹೋಗುವ ಓಟ ಅದು. ಹನ್ನೊಂದೂವರೆ ನಿಮಿಷ ಎಂಜಿನ್ ಬಿಡದೆ ಉರಿದು ಅದನ್ನು ಸೆಕೆಂಡಿಗೆ 358 ಮೀಟರಿಗೆ ಇಳಿಸಿತು. ಎತ್ತರ 7.4 ಕಿಲೋಮೀಟರ್. ಹುಡುಗಿ ಅಳಿಸುತ್ತಾ ಹೋದಳು. ಎರಡು ಕಿಲೋಮೀಟರ್ ಹತ್ತಿರ ಬಂದಾಗ ನಾನು ಟಿವಿ ನೋಡಲಿಲ್ಲ, ಬೋರ್ಡ್ ನೋಡುತ್ತಿದ್ದೆ. 2019ರ ಆ ರಾತ್ರಿ ಎಲ್ಲ ಸರಿಯಾಗಿದೆ ಅಂತ ಇಸ್ರೋ ಹೇಳಿದ್ದು 2.1 ಕಿಲೋಮೀಟರ್‌ವರೆಗಷ್ಟೇ. ಅವಳು 2 ಅನ್ನೂ ಅಳಿಸಿದಳು. ಸುಮಾರು 150 ಮೀಟರ್ ಮೇಲೆ ಲ್ಯಾಂಡರ್ ನಿಂತು, ತನ್ನ ಕ್ಯಾಮೆರಾದಲ್ಲಿ ಕೆಳಗಿನ ಗುಂಡಿ, ಬಂಡೆ ನೋಡಿಕೊಂಡು ಜಾಗ ಆರಿಸಿತು. 6 ಗಂಟೆ 4 ನಿಮಿಷಕ್ಕೆ ನೆಲ ಮುಟ್ಟಿತು. ಹಾಲ್‌ನಲ್ಲಿ ಎದ್ದ ಕೂಗಿಗೆ ಹೆಂಚಿನ ಮೇಲಿನ ಮಳೆಯ ಸದ್ದು ಅಡಗಿಹೋಯಿತು. ನನ್ನ ಕಣ್ಣಲ್ಲಿ ನೀರು.

ಆಮೇಲಿನ ದಿನಗಳು ಬೇಗ ಕಳೆದವು. ಲ್ಯಾಂಡರಿನಿಂದ ಇಳಿದ 26 ಕಿಲೋ ತೂಕದ ಚಕ್ರದ ಗಾಡಿ, ಪ್ರಜ್ಞಾನ್ ರೋವರ್, 100 ಮೀಟರಿಗೂ ಜಾಸ್ತಿ ಓಡಾಡಿತು. ಮಣ್ಣಿನಲ್ಲಿ ಗಂಧಕ ಇರುವುದನ್ನು ಕಂಡಿತು. ಲ್ಯಾಂಡರ್ ಒಂದು ಸರಳನ್ನು ನೆಲಕ್ಕೆ ಚುಚ್ಚಿ ಬಿಸಿ ಅಳೆಯಿತು. ಮೇಲೆ 50 ಡಿಗ್ರಿ, 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ. 8 ಸೆಂಟಿಮೀಟರ್ ಅಂದರೆ ನಾಲ್ಕು ಬೆರಳು. ನಮ್ಮ ಹೊಲದಲ್ಲಿ ಆಲೂಗಡ್ಡೆ ಬೀಜ ಹೂಳುವಷ್ಟು ಆಳ. ಅಷ್ಟರಲ್ಲೇ ಬೇಸಿಗೆ ಮುಗಿದು ಮಂಜುಗಡ್ಡೆಯ ಚಳಿ! ಮಲಗುವ ಮೊದಲು, ಸೆಪ್ಟೆಂಬರ್ 3ರಂದು, ವಿಕ್ರಮ್ ಎಂಜಿನ್ ಹೊತ್ತಿಸಿ 40 ಸೆಂಟಿಮೀಟರ್ ಮೇಲೆದ್ದು ಮತ್ತೆ ಕೂತಿತು.

ಮಾರನೇ ದಿನ ಅದನ್ನು ಮಲಗಿಸಿದರು. ಚಂದ್ರನ ರಾತ್ರಿಯ ಚಳಿ ಕಳೆದು ಬೆಳಗಾದ ಮೇಲೂ ಅದು ಎದ್ದೇಳಲಿಲ್ಲ. ಆದರೆ ಅದರ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಉಪಕರಣ ಇದೆ. ಐದು ಸೆಂಟಿಮೀಟರ್ ಅಗಲ, ಎಂಟು ಹರಳು, ಕರೆಂಟ್ ಬೇಡ. ಘಾಟಿಯ ತಿರುವುಗಳಲ್ಲಿ ಲಾರಿಯ ಲೈಟು ಬಿದ್ದಾಗ ಮಿನುಗುವ ರಿಫ್ಲೆಕ್ಟರ್ ನೋಡಿದ್ದೀರಲ್ಲ, ಆ ಥರದ್ದು. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾ ನೌಕೆಯೊಂದು 100 ಕಿಲೋಮೀಟರ್ ದೂರದಿಂದ ವಿಕ್ರಮ್ ಕಡೆಗೆ ಲೇಸರ್ ಬಿಟ್ಟಿತು. ಬೆಳಕು ತಿರುಗಿ ಬಂತು.

ನಮಸ್ಕಾರ.